ನೆಂಟ ಗಿರಾಕಿ

ಟಪ್.

ದೀಪ ಆರಿಸಿ ಬಹಳ ಹೊತ್ತಾಗಿತ್ತು. ಹಿಂದಿನ ಕೋಣೆಯ ಅಟ್ಟದ ಮೇಲಿದ್ದ ಬಣ್ಣದ ಡಬ್ಬಿಯ ಮುಚ್ಚಳಕ್ಕೆ ನೀರಿನ ಹನಿ ಬಿದ್ದ ಸದ್ದು. ಉಸಿರು ಬಿಗಿಹಿಡಿದು ಕಾದೆ. ಇನ್ನೊಂದು ಬಿತ್ತು. ಪಕ್ಕದಲ್ಲಿ ನನ್ನ ಗಂಡ ಗೊರಕೆ ಹೊಡೆಯುತ್ತಿದ್ದರು. ಅವರಿಗೆ ದಿಂಬು ಸಿಕ್ಕಿದರೆ ಸಾಕು, ಮನೆಯೇ ತೇಲಿಹೋದರೂ ಬೆಳಿಗ್ಗೆಯೇ ಗೊತ್ತಾಗುವುದು.

ಮೇಲಿನ ಮನೆಯ ಬಚ್ಚಲಿನಿಂದ ಇಳಿಯುವ ನೀರಿನಿಂದ ಗೋಡೆಯಲ್ಲಿ ಮೂಡಿದ್ದ ತೇವದ ಕಲೆಗೆ ಈಗಾಗಲೇ ಎರಡು ಸಲ ಬಿಳಿ ಬಣ್ಣ ಬಳಿದಿದ್ದೆವು. ಮನೆ ನೋಡಲು ಬರುವವರಿಗೆ ಕಾಣಬಾರದೆಂದು. ಮರುದಿನವೇ ಒಬ್ಬರು ಬರುವವರಿದ್ದರು. ಇಡೀ ಊರಿನಲ್ಲಿ ಮನೆ ಕೊಳ್ಳುವವರೇ ಇಲ್ಲದ ಕಾಲದಲ್ಲಿ ಬರುತ್ತಿದ್ದ ಒಬ್ಬರೇ ಒಬ್ಬರು.

ನಮ್ಮದು ಮೂರನೇ ಮಹಡಿ. ಲಿಫ್ಟ್ ಇಲ್ಲ. ಅತ್ತೆ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬೀದಿಗೆ ಕಾಲಿಟ್ಟಿರಲಿಲ್ಲ. ಬಾಲ್ಕನಿಯಲ್ಲಿ ಕುಳಿತು ಕೆಳಗಿನ ಅಂಗಡಿಗಳನ್ನು ಕಾವಲು ಕಾಯುವುದೇ ಅವರ ಉದ್ಯೋಗ. "ಇವತ್ತು ಬೇಕರಿಯವನು ಲೇಟು" ಎಂದು ಒಳಗೆ ವರದಿ ಕಳಿಸುತ್ತಿದ್ದರು. ಎರಡು ಬೀದಿ ಆಚೆ ಮುದ್ರಣದ ಕೆಲಸ ಬಿಟ್ಟು ಕೂತಿದ್ದ ಹಿರಿಯರೊಬ್ಬರ ಮನೆ ಮಾರಾಟಕ್ಕಿತ್ತು. ನೆಲಮಟ್ಟದ ಮನೆ, ಹೊಸ್ತಿಲು ದಾಟಿದರೆ ರಸ್ತೆ. "ತಿಂಗಳ ಕೊನೆವರೆಗೂ ಬೇರೆಯವರಿಗೆ ತೋರಿಸಲ್ಲ, ಆಮೇಲೆ ನನ್ನ ಕೈಲಿಲ್ಲಮ್ಮ" ಎಂದಿದ್ದರು. ನಮ್ಮದು ಹೋಗದೆ ಅದು ಸಿಗುವಂತಿರಲಿಲ್ಲ.

ನಮ್ಮ ದಳ್ಳಾಳಿ ಯಾವ ಮಾತಿಗೂ "ಆಯ್ತು ಬಿಡಿ" ಎನ್ನುವವನು. ನಮ್ಮ ಮನೆಯಲ್ಲಿ ಅವನ ಹೆಸರೇ ಆಯ್ತುಬಿಡಿ ಎಂದಾಗಿತ್ತು. ಅವನು ಕೊಟ್ಟ ಸಲಹೆ ಇದು: "ಒಬ್ಬರೇ ಗಿರಾಕಿ ಬಂದ್ರೆ ಮನೆಗೆ ಬೆಲೆ ಇಲ್ಲ ಅನ್ಸುತ್ತೆ ಮೇಡಂ. ಅದೇ ಹೊತ್ತಿಗೆ ಇನ್ನೊಬ್ರು ಬಂದು ಆಹಾ ಓಹೋ ಅಂದ್ರೆ, ಕೈತಪ್ಪಿ ಹೋಗುತ್ತೇನೋ ಅಂತ ಇವರಿಗೂ ಆಸೆ ಹುಟ್ಟುತ್ತೆ."

"ಇನ್ನೊಬ್ಬರನ್ನ ಎಲ್ಲಿಂದ ತರೋದು?"

"ನೆಂಟರಿಲ್ವಾ? ಆಯ್ತು ಬಿಡಿ."

ನಮ್ಮವರು ತಮ್ಮ ಅಕ್ಕನ ಗಂಡನನ್ನು ಆರಿಸಿದರು. ಭಾವ ಒಳ್ಳೆಯವರು, ಕಷ್ಟಕ್ಕೆ ಹೆಗಲು ಕೊಡುವವರು. ಆದರೆ ಬೆಂಕಿಪೊಟ್ಟಣವನ್ನೂ ಚೌಕಾಸಿ ಮಾಡದೆ ಕೊಂಡವರಲ್ಲ. ಕೊಳ್ಳುವ ಉದ್ದೇಶವಿಲ್ಲದಿದ್ದರೂ ಅಂಗಡಿಗೆ ನುಗ್ಗಿ ಬೆಲೆ ಇಳಿಸಿ, ಗೆದ್ದ ಖುಷಿಯಲ್ಲಿ ಬರಿಗೈಯಲ್ಲಿ ಹೊರಬರುವವರು.

"ಅವರು ಬೇಡ. ಯಾರೂ ಬೇಡ," ಎಂದೆ.

"ನಿನಗೆ ನೆರಳು ಕಂಡ್ರೂ ಭಯ," ಎಂದರು ಇವರು.

ಬಂದಾಕೆ ಕನ್ನಡಕದ ಅಂಗಡಿಯ ಒಡತಿ. ನಡುವಯಸ್ಸು, ಒಂಟಿ. ಚೀಲದಿಂದ ಅಳತೆಯ ಪಟ್ಟಿ ತೆಗೆದಾಗಲೇ ನನಗೆ ಆಸೆ ಚಿಗುರಿತು. ಆ ವರ್ಷ ಮೊದಮೊದಲು ಬಂದುಹೋದವರಿಂದ ನಾನು ಕಲಿತದ್ದು ಇಷ್ಟು: ಹೊಗಳುವವರು ಮತ್ತೆ ಬರುವುದಿಲ್ಲ. ಅಳೆಯುವವರು, ನಲ್ಲಿ ತಿರುಗಿಸಿ ನೋಡುವವರು, ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ಕೇಳುವವರು ನಿಜವಾದ ಗಿರಾಕಿಗಳು.

ಆಕೆ ಅಡುಗೆಮನೆಯ ಕಟ್ಟೆ ಅಳೆಯುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಭಾವ. ಇಸ್ತ್ರಿಯ ಅಂಗಿ, ಕೈಯಲ್ಲಿ ಛತ್ರಿ, ಮುಖದಲ್ಲಿ ಅಪರಿಚಿತನ ಗಾಂಭೀರ್ಯ. ಒಳಗೆ ಬಂದವರೇ, ಹಿಂದೆ ತಿರುಗಿ ನೋಡದೆ, ತೆರೆದ ಬಾಗಿಲಿನ ಹಿಂದಿದ್ದ ಮೊಳೆಗೆ ಛತ್ರಿ ನೇತುಹಾಕಿದರು. ಅತ್ತೆ ಬಾಲ್ಕನಿಯಲ್ಲಿ ಅಳಿಯನ ಗುರುತಿಲ್ಲದವರಂತೆ ಪತ್ರಿಕೆಯಿಂದ ಮುಖ ಮುಚ್ಚಿಕೊಂಡರು. ಪತ್ರಿಕೆ ನಗುವಿಗೆ ಅಲುಗಾಡುತ್ತಿತ್ತು.

"ಮನೆ ಪರವಾಗಿಲ್ಲ," ಎಂದು ಭಾವ ಶುರುಮಾಡಿದರು. ಇವರು ಕಣ್ಣಲ್ಲೇ ಬೇಡಿಕೊಂಡರು, ಮುಂದುವರಿಸಿ ಎಂದು. "ಏನು ಹೇಳ್ತಿದೀರಿ ಬೆಲೆ?"

ಇವರು ಹೇಳಿದರು. ಅಷ್ಟೇ. ಬೆಲೆಯೊಂದು ಕಿವಿಗೆ ಬಿದ್ದದ್ದೇ ತಡ, ಭಾವನ ಒಳಗಿನ ಹಳೆಯ ಯಂತ್ರ ಗಿರ್ರನೆ ತಿರುಗಿತು.

"ಏನು, ಚಿನ್ನದ ಇಟ್ಟಿಗೆ ಇಟ್ಟಿದೀರಾ? ಮೂರು ಮಹಡಿ ಹತ್ತಿ ಬಂದ್ರೆ ಶ್ವಾಸಕೋಶ ಕೆಳಗೇ ಉಳಿಯುತ್ತೆ! ಈ ಕಿಟಕಿ ನೋಡಿ, ಗಾಳಿಗೂ ಗೊತ್ತಿಲ್ಲ ಇಲ್ಲಿ ಕಿಟಕಿ ಇದೆ ಅಂತ." ಹಿಂದಿನ ಕೋಣೆಯ ಗೋಡೆಗೆ ಗೆಣ್ಣಿನಿಂದ ಕುಟ್ಟಿದರು. "ಟೊಳ್ಳು! ಈ ದುಡ್ಡಿಗೆ ನಾನು ತೋಟದ ಮನೆ ಕೊಳ್ತೀನಿ ಸ್ವಾಮಿ!"

ಇವರು ಕೆಮ್ಮಿದರು. ಭಾವ ನಿಲ್ಲಲಿಲ್ಲ. ಕನ್ನಡಕದಾಕೆ ಅಳತೆಪಟ್ಟಿ ಸುತ್ತಿಟ್ಟುಕೊಂಡು, "ಯೋಚಿಸ್ತೀನಿ," ಎಂದು ಮೆಟ್ಟಿಲಿಳಿದು ಹೋದರು.

"ಬೆಲೆ ಕೇಳಿದ್ಮೇಲೆ ಸುಮ್ನಿರೋಕೆ ಆಗ್ಲಿಲ್ಲ ಕಣೋ," ಎಂದು ಭಾವ ತಲೆ ಕೆರೆದುಕೊಂಡರು.

ಸಂಜೆ ಅತ್ತೆ ನನ್ನನ್ನು ಬಾಲ್ಕನಿಗೆ ಕರೆದರು. "ಹೋಗ್ಲಿ ಬಿಡಮ್ಮ. ಇಲ್ಲಿಂದಲೂ ಎಲ್ಲಾ ಕಾಣುತ್ತೆ." ಮರುದಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಕನ್ನಡಕದ ಅಂಗಡಿಗೆ ಹೋದೆ.

ಆಕೆ ಯಾರದೋ ಕನ್ನಡಕದ ಪುಟ್ಟ ತಿರುಪು ಬಿಗಿಮಾಡುತ್ತಿದ್ದರು. ತಲೆಯೆತ್ತದೆ ಕೇಳಿದರು: "ಆ ಛತ್ರಿ ಯಜಮಾನರು ನಿಮಗೇನಾಗಬೇಕು?"

"ನಮ್ಮವರ ಭಾವ. ನಿಮಗೆ ಹೇಗೆ..."

"ಬಾಗಿಲು ತೆರೆದಾಗ ಆ ಮೊಳೆ ಕಾಣಲ್ಲ. ನಾನೂ ನನ್ನ ಚೀಲ ಎಲ್ಲಿಡೋದು ಅಂತ ಹುಡುಕಿ ಸೋತಿದ್ದೆ. ಅವರು ತಿರುಗಿ ನೋಡದೇ ಛತ್ರಿ ತಗಲಿಹಾಕಿದ್ರು." ತಿರುಪುಳಿ ಕೆಳಗಿಟ್ಟರು. "ಸುಳ್ಳು ಗಿರಾಕಿಗಳನ್ನ ನೋಡಿದೀನಿ. ಮನೇನ ಬಯ್ಯೋ ಸುಳ್ಳು ಗಿರಾಕೀನ ಇದೇ ಮೊದಲು ನೋಡಿದ್ದು." ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ.

"ಹಿಂದಿನ ಕೋಣೆ ಸೋರುತ್ತೆ," ಎಂದೆ. "ಎರಡು ಸಲ ಬಣ್ಣ ಬಳಿದು ಮುಚ್ಚಿದೀವಿ."

"ಗೊತ್ತು. ಮನೆಗೆಲ್ಲಾ ಹಳೇ ಬಣ್ಣ, ಒಂದು ಗೋಡೆಗೆ ಮಾತ್ರ ಹೊಸದು. ಇನ್ನೇನರ್ಥ?"

"ಬೆಳಿಗ್ಗೆ ಹೊತ್ತು ಬೇಕರಿಯ ಗಾಡಿ ಸದ್ದು ಜಾಸ್ತಿ. ಬೇಸಿಗೇಲಿ ನೀರಿನ ಒತ್ತಡ ಕಡಿಮೆ. ಬೇರೆ ಕುಂದಿಲ್ಲ. ನೀವು ಯಾವ ಹೊತ್ತಿಗೆ ಬೇಕಾದ್ರೂ ಬನ್ನಿ, ಹೇಳದೇ ಬನ್ನಿ. ಸೋರೋದನ್ನ ನಾನು ನಿಲ್ಲಿಸ್ತೀನಿ. ಬೆಲೆ ಒಂದೇ ಒಂದು ಸಲ ಇಳಿಸ್ತೀನಿ. ಮತ್ತೆ ಮತ್ತೆ ಇಳಿಸಲ್ಲ." ಇಳಿಸಿದ ಬೆಲೆಯನ್ನೂ ಅಲ್ಲೇ ಹೇಳಿದೆ.

ಆಕೆ ಕನ್ನಡಕವನ್ನು ಒರೆಸಿ ಡಬ್ಬಿಗೆ ಹಾಕಿದರು. "ಗೋಡೆ ಒಣಗ್ಲಿ. ಆಮೇಲೆ ಮಾತಾಡೋಣ."

ಮೇಲಿನ ಮನೆಯಾತ ಬಸ್ ಡ್ರೈವರ್. ಬನಿಯನ್ನಿನಲ್ಲೇ ಬಾಗಿಲಿಗೆ ಬಂದ. "ನಮ್ಮನೇಲಿ ಸೋರಲ್ಲವಲ್ಲ ಮೇಡಂ?"

"ಇಲ್ಲಣ್ಣ, ನಮ್ಮನೇಲಿ ಸೋರುತ್ತೆ. ನೀರಿಗೆ ಮೇಲೆ ಹೋಗೋ ಅಭ್ಯಾಸ ಇಲ್ಲ."

"ಆಗ್ಲಿ, ಬಿಡುವಾದಾಗ ನೋಡ್ತೀನಿ."

"ನಾನು ಇಲ್ಲೇ ಕೂತಿರ್ತೀನಿ." ಅವನ ಹೊಸ್ತಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತೇಬಿಟ್ಟೆ. ಇಂಥದ್ದು ಜೀವನದಲ್ಲಿ ಎಂದೂ ಮಾಡಿದವಳಲ್ಲ. "ಖರ್ಚಿನಲ್ಲಿ ಅರ್ಧ ನಮ್ಮದು. ನಾಳೆ ನೀವು ಮಾರೋಕೆ ಹೊರಟರೂ ಈ ಬಚ್ಚಲು ನಿಮ್ಮನ್ನ ಕಾಡುತ್ತೆ."

ಒಳಗಿಂದ ಅವನ ಹೆಂಡತಿ ಕೂಗಿದಳು: "ನಾನು ಯಾವಾಗಿಂದ ಹೇಳ್ತಿದೀನಿ! ಮೇಸ್ತ್ರಿಗೆ ಫೋನ್ ಮಾಡ್ರಿ!" ಅವನು ಮಾಡಿದ.

ಬಚ್ಚಲಿನ ನೆಲ ಅಗೆದು, ಒಡೆದ ಕೊಳವೆ ಬದಲಾಯಿಸಿದರು. ನಾನು ಆ ಗೋಡೆಗೆ ಬಣ್ಣ ಹಾಕಿಸಲಿಲ್ಲ. ಇವರು ಹಾಕಿಸೋಣವೆಂದು ಹಟ ಹಿಡಿದರು. "ಕಲೆ ಇರಲಿ. ಒಣಗಿದೆ ಅಂತ ಅದೇ ಹೇಳಬೇಕು," ಎಂದೆ.

ಕನ್ನಡಕದಾಕೆ ಹೇಳದೇ ಬಂದರು, ಒಮ್ಮೆ ಬೆಳಗಿನ ಗಾಡಿಗಳ ಹೊತ್ತಿಗೆ, ಇನ್ನೊಮ್ಮೆ ಮೇಲಿನವರು ಸ್ನಾನ ಮಾಡುವ ಹೊತ್ತಿಗೆ. ಗೋಡೆಗೆ ಅಂಗೈ ಒತ್ತಿ ಹಿಡಿದು ನಿಂತರು. ಮೂರನೇ ಸಲ ಬಂದಾಗ ಮುಂಗಡದ ಚೀಟಿ ಬರೆಯೋಣ ಎಂದರು.

ಅದೇ ಸಂಜೆ ಮುದ್ರಣದ ಹಿರಿಯರ ಮನೆಗೆ ಹೋದೆ. ನಾನು ಎಷ್ಟು ಇಳಿಸಿದ್ದೆನೋ ಅಷ್ಟನ್ನೇ ಅವರೂ ಇಳಿಸಬೇಕೆಂದು ಕೇಳಿದೆ.

"ನಿಮ್ಮ ನಷ್ಟಾನ ನಾನ್ಯಾಕಮ್ಮ ಕಟ್ಟಿಕೊಡ್ಲಿ?"

"ಮಾರುಕಟ್ಟೆ ನನಗೊಬ್ಬಳಿಗೇ ಮಲಗಿಲ್ಲ ಸಾರ್. ನಮ್ಮನ್ನ ಬಿಟ್ಟರೆ ಈ ಬಾಗಿಲು ಯಾರು ತಟ್ಟಿದ್ದಾರೆ ಹೇಳಿ?"

ಹಿರಿಯರು ಮಸಿಯ ಗುರುತು ಮಾಸದ ಉಗುರುಗಳನ್ನು ನೋಡಿಕೊಂಡರು. "ಅಷ್ಟೂ ಆಗಲ್ಲ. ಮುಕ್ಕಾಲು ಪಾಲು ಇಳಿಸ್ತೀನಿ. ಆದ್ರೆ ಆ ಕಬ್ಬಿಣದ ಬೀರು ಇಲ್ಲೇ ಇರುತ್ತೆ. ಎತ್ತೋರಿಲ್ಲ."

ಬೀರುವಿಗೂ ಒಪ್ಪಿದೆ.

ಸಾಮಾನು ಸಾಗಿಸಿದ ದಿನ ಇವರೂ ಭಾವನೂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೂರೂ ಮಹಡಿ ಇಳಿಸಿದರು. ಭಾವ ಬೆವರಿನಲ್ಲಿ ತೊಯ್ದುಹೋಗಿದ್ದರು. "ಅಳಿಯಂದ್ರೇ, ಮೆಲ್ಲಗೆ! ಇರೋದೊಂದೇ ಸೊಂಟ, ಅದೂ ಒಮ್ಮೆ ಮುರಿದಿದ್ದು," ಎಂದು ಅತ್ತೆ ದಾರಿಯುದ್ದಕ್ಕೂ ಗದರಿಸಿದರು. ಹೊಸ ಮನೆಯ ಮುಂದೆ ಕುರ್ಚಿ ಇಳಿಸಿದಾಗ ಚಪ್ಪಲಿ ಕಳಚಿ ಬರಿಗಾಲನ್ನು ರಸ್ತೆಯ ಮೇಲಿಟ್ಟರು. "ಬೆಚ್ಚಗಿದೆ," ಎಂದರು.

ಒಳಗೆ ಗಂಟುಮೂಟೆಗಳ ನಡುವೆ ಚಹಾ ಕುಡಿಯುತ್ತ ಭಾವ ಎದೆಯುಬ್ಬಿಸಿದರು. "ನಿಜ ಹೇಳ್ಲಾ? ನಾನು ಹಾಗೆ ಬಯ್ದಿದ್ದಕ್ಕೇ ಆಕೆಗೆ ಹಟ ಬಂದಿದ್ದು. ಇವನಿಗೆ ಬೇಡವಾದ್ರೆ ನನಗೇ ಬೇಕು ಅಂತ. ಇದೊಂದು ಕಲೆ ಕಣೋ."

"ನಾನೂ ಅದನ್ನೇ ಅಂದುಕೊಂಡೆ ಭಾವ," ಎಂದರು ಇವರು, ನಿಜವಾಗಿ ನಂಬಿ. "ಇವಳು ಬೇಡ ಅಂದಿದ್ಲು, ಗೊತ್ತಾ?"

ಎಲ್ಲರೂ ನನ್ನತ್ತ ತಿರುಗಿದರು. ಅಂಗಡಿಯಲ್ಲಿ ಛತ್ರಿ ಯಜಮಾನರ ಬಗ್ಗೆ ಆಕೆ ಕೇಳಿದ ಮೊದಲ ಪ್ರಶ್ನೆ ನಾಲಗೆಯ ತುದಿಗೆ ಬಂದು ನಿಂತಿತ್ತು. ಭಾವನ ಅಂಗಿಯ ಹೆಗಲು ಕುರ್ಚಿಯ ಭಾರಕ್ಕೆ ಹರಿದಿತ್ತು. ಹೊರಗೆ ಅತ್ತೆ ದಾರಿಹೋಕರನ್ನೆಲ್ಲ ನಿಲ್ಲಿಸಿ ಮಾತನಾಡಿಸುತ್ತಿದ್ದರು.

"ಹೌದು, ನನಗೆ ಭಯವಾಗಿತ್ತು," ಎಂದಷ್ಟೇ ಹೇಳಿದೆ. ಮಿಕ್ಕದ್ದನ್ನು ಇವರಿಗಾಗಲಿ ಅತ್ತೆಗಾಗಲಿ, ಯಾರಿಗೂ, ಎಂದಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿ, ಭಾವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.