ಬೂಟಿನ ಮೆರವಣಿಗೆ

"ಬೂಟ ಬಿಚ್ಚಲೇ, ಬೋಳಿಮಗನ! ಬಿಚ್ಚಿ ತಲಿ ಮ್ಯಾಲ ಇಟ್ಕೊಂಡು ನಡಿ! ಯಾರ ಓಣಿ ಅಂತ ತಿಳಕೊಂಡಿ ಇದನ್ನ?"

ತಿಮ್ಮನಗೌಡ ಕಟ್ಟೆಯ ಮೇಲಿಂದ ಹೀಗೆ ಕೂಗಿದಾಗ, ಗಾಳೆಮ್ಮನ ಮಗ ಅಂಬಪ್ಪ ಮಸ್ಕಿಯಲ್ಲಿ ಬಸ್ಸಿಳಿದು, ಕಾಲುವೆ ಏರಿ ಹಿಡಿದು ಆರು ಮೈಲಿ ನಡೆದು ಬಂದಿದ್ದ. ಮೈಮೇಲೆ ಮಿಲಿಟರಿ ಅಂಗಿ, ಎದೆಯ ಮೇಲೆ ದಿಲ್ಲಿಯವರು ಚುಚ್ಚಿದ ಪದಕ. ಹಿಂದಿನ ವರ್ಷದ ಯುದ್ಧದಲ್ಲಿ ಗುಂಡು ಹಾರುತ್ತಿರುವಾಗಲೇ ಗಾಯಗೊಂಡ ಸುಬೇದಾರನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದ್ದಕ್ಕೆ ಕೊಟ್ಟದ್ದು ಅದು. ಬೆನ್ನ ಮೇಲಿದ್ದವನು ನೀನು ಯಾವ ಕುಲದವನಪ್ಪಾ ಎಂದು ಕೇಳಿರಲಿಲ್ಲ. ಗೌಡ ಕೇಳಬೇಕಾಗಿಯೇ ಇರಲಿಲ್ಲ. ಮಾದರ ಕೇರಿಯವರು ಊರಿಗೆಲ್ಲ ಚಪ್ಪಲಿ ಹೊಲಿಯಬೇಕು, ತಾವು ಮಾತ್ರ ಗೌಡರ ಓಣಿಯಲ್ಲಿ ಬರಿಗಾಲಲ್ಲಿ ನಡೆಯಬೇಕು. ಅದು ಅಲ್ಲಿನ ಕಾನೂನು.

ಅಂಬಪ್ಪ ಬೂಟು ಬಿಚ್ಚಿದ. ತಲೆಯ ಮೇಲೆ ಇಡಲಿಲ್ಲ, ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ.

ಗಾಳೆಮ್ಮ ಕೇಳಿ ಕೆಂಡವಾದಳು. "ಬಂದೂಕಕ್ಕ ಅಂಜಲಿಲ್ಲ, ಗೌಡನ ಮೀಸಿಗಿ ಅಂಜಿದೇನಲೇ?"

"ಅಲ್ಲಿ ನನ್ನ ಕೈಯಾಗ ಬಂದೂಕ ಇತ್ತು ಯವ್ವಾ. ಇಲ್ಲಿ ನೀ ಅದಿ. ರಜಾ ಮುಗಿದ್ರ ನಾ ಹೊಕ್ಕೀನಿ. ಇವರ ನಡುವ ಬಾಳೇವು ಮಾಡಾಕಿ ನೀನು."

ಆ ಮಾತು ಅವಳ ಎದೆಗೆ ನೆಟ್ಟಿತು. ಮಗ ಅಂಜಿದ್ದು ತನ್ನ ಸಲುವಾಗಿ ಎಂದಮೇಲೆ ಧೈರ್ಯ ಮಾಡಬೇಕಾದವಳೂ ತಾನೇ ಅಲ್ಲವೇ ಎಂದುಕೊಂಡಳು.

ಮೂರನೆಯ ದಿನ ಲಿಂಗಸುಗೂರಿನಿಂದ ಸುದ್ದಿ ಬಂತು. ವೀರ ಜವಾನನ ಸನ್ಮಾನಕ್ಕೆ ದೊಡ್ಡ ಸಾಹೇಬರು ಬರುತ್ತಾರಂತೆ. ಗೌಡನಿಗೆ ಇತ್ತ ದರಿ, ಅತ್ತ ಪುಲಿ. ಸಾಹೇಬರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಒಂದು ಕಡೆ, ಮಾದರ ಹುಡುಗನನ್ನು ಓಣಿಯಲ್ಲಿ ಮೆರೆಸುವ ಸಂಕಟ ಇನ್ನೊಂದು ಕಡೆ. ಗುಡಿಯ ಪೂಜಾರಿ ದಾರಿ ತೋರಿಸಿದ.

"ಪದಕ ಸರ್ಕಾರದ್ದು ಗೌಡ್ರ, ಅದಕ್ಕ ಮೈಲಿಗಿ ಇಲ್ಲ. ಅದನ್ನ ಮೆರಸ್ರಿ. ಮನಿಷಾ ಯಾಕ ಬೇಕು? ಎರಡು ಹನಿ ತೀರ್ಥ ಚಿಮುಕಿಸಿದ್ರ ಆತು."

ಮೆರವಣಿಗೆಯ ಮುಂದೆ ಹಲಗೆ ಬಾರಿಸುವ ಪಾಳಿ ಗಾಳೆಮ್ಮನ ಮನೆಯದು. ಗಂಡ ಗದ್ದೆಪ್ಪ ತೀರಿಕೊಂಡ ಮೇಲೆ ಅದು ಮಗನಿಗೇ ಬಂದಿತ್ತು. ತನ್ನ ಮೆರವಣಿಗೆಗೆ ತಾನೇ ಹಲಗೆ ಬಡಿಯುವ ಭಾಗ್ಯ ಎಷ್ಟು ಮಂದಿ ವೀರರಿಗೆ ಸಿಕ್ಕೀತು!

ಪದಕ ಇಟ್ಟು ಗಂಟು ಕಟ್ಟಿಕೊಡಲೆಂದು ಗೌಡ ಹಿತ್ತಾಳೆ ತಾಟು, ಜರಿ ಶಲ್ಯ ಕಳಿಸಿದ. ಸನ್ಮಾನದ ದಿನ ಗಾಳೆಮ್ಮ ಗಂಟು ಕಟ್ಟಿದ ತಾಟನ್ನು ಕಟ್ಟೆಯ ಕೆಳಗಿಟ್ಟು ದೂರ ನಿಂತಳು.

"ಇಷ್ಟ್ ದೊಡ್ಡದೇನಬೇ ಪದಕ?" ಎಂದ ಗೌಡ.

"ಪೆಟಿಗಿ ಸಮೇತ ಐತ್ರೀ ಯಪ್ಪಾ. ಗಂಟು ಸಾಹೇಬ್ರೇ ಬಿಚ್ಚಬೇಕಂತರೀ. ದಿಲ್ಲಿ ಹುಕುಂ."

ದಿಲ್ಲಿ ಎಂದ ಮೇಲೆ ಯಾರು ತುಟಿ ಪಿಟಕ್ಕೆನ್ನುತ್ತಾರೆ? ಪೂಜಾರಿ ತೀರ್ಥ ಚಿಮುಕಿಸಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿದ. ಸಾಹೇಬರ ಜೀಪು ಕಂಡದ್ದೇ ತಡ, ಗೌಡ ಆಳಿನ ಕೈಯಿಂದ ತಾಟು ಕಿತ್ತುಕೊಂಡು ತನ್ನ ರುಮಾಲಿನ ಮೇಲೆ ಹೊತ್ತುಕೊಂಡ.

ಹಲಗೆ ಹೆಗಲಿಗೆ ಹಾಕಿಕೊಳ್ಳುತ್ತ ಅಂಬಪ್ಪ ತಾಯಿಯನ್ನು ಪಿಸುದನಿಯಲ್ಲಿ ಕೇಳಿದ. "ಯವ್ವಾ, ನನ್ನ ಬೂಟ ಎಲ್ಲಿ? ಮುಂಜಾನಿಂದ ಹುಡುಕಾಕತ್ತೀನಿ."

"ಬರಿಗಾಲಿಲೇ ನಡಿ. ಅವು ನಿನ್ನ ಹಿಂದ ಬರಾಕತ್ಯಾವು."

ಅಂಬಪ್ಪ ತಿರುಗಿ ಗೌಡನ ತಲೆಯನ್ನು ನೋಡಿದ. ಹಲಗೆಯ ಮೇಲಿನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹೊಡೆದ ನೋಡಿ, ಗದ್ದೆಪ್ಪನ ಕಾಲದಲ್ಲೂ ಊರು ಅಂಥ ಹಲಗೆ ಕೇಳಿರಲಿಲ್ಲ.

"ಸರ್ಕಾರದ ಬಂಗಾರ, ಬಾಳ ವಜ್ಜಿ ಐತಿ," ಎಂದು ಗೌಡ ಬೆವರೊರೆಸಿಕೊಂಡ. ಓಣಿಯ ಹೆಂಗಸರು ತಾಟಿಗೆ ಆರತಿ ಬೆಳಗಿದರು. ಮೂರು ಕಡೆ ತೆಂಗಿನಕಾಯಿ ಒಡೆದರು.

ಚಾವಡಿಯ ಮುಂದೆ ಸಾಹೇಬರು ಗಂಟು ಬಿಚ್ಚಿದರು. ಹೂವಿನ ನಡುವೆ ಕುಂಕುಮ ಮೆತ್ತಿಕೊಂಡ ಎರಡು ಕರಿ ಬೂಟು.

"ಯಾರವು ಇವು?" ಎಂದರು ಸಾಹೇಬರು.

"ನನ್ನ ಮಗನವು ರೀ," ಗಾಳೆಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಈ ಓಣ್ಯಾಗ ಅವನ್ನ ಕಾಲಾಗ ಹಾಕಬಾರದಂತ, ತಲಿ ಮ್ಯಾಲ ಹೊರಬೇಕಂತ ಗೌಡ್ರ ಹುಕುಂ ಐತ್ರೀ. ಪಾಪ, ಇವತ್ತು ತಾವೇ ಹೊತ್ರು."

ಸಾಹೇಬರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಗಾಳೆಮ್ಮ ಸೊಂಟದ ಚೀಲಕ್ಕೆ ಕೈಹಾಕಿ, ಎಲೆ ಅಡಿಕೆಯ ನಡುವಿನಿಂದ ಪದಕ ತೆಗೆದು ಅವರ ಮುಂದಿಟ್ಟಳು. ಸಾಹೇಬರು ಅದನ್ನು ಅಂಬಪ್ಪನ ಎದೆಗೆ ಚುಚ್ಚಿದರು. ಅವನು ಸೆಲ್ಯೂಟ್ ಹೊಡೆದು, ಕೆಳಗೆ ಕೂತು, ಅವಸರವಿಲ್ಲದೆ ಬೂಟಿನ ಲೇಸು ಕಟ್ಟಿಕೊಂಡ.

"ಸಾಹೇಬ್ರು ಹೋಗ್ಲಿ, ಆಮ್ಯಾಲ ನಿನ್ನ ನೋಡ್ತೀನಿ," ಗೌಡ ಗಾಳೆಮ್ಮನ ಕಡೆ ನೋಡಿ ಹಲ್ಲು ಕಡಿದ.

"ಈಗೇ ನೋಡ್ರಿ."

ಗಾಳೆಮ್ಮ ಉಡಿಯಿಂದ ಒಂದು ಜೊತೆ ಚಪ್ಪಲಿ ತೆಗೆದಳು. ಮದುವೆಯ ವರ್ಷ ಗದ್ದೆಪ್ಪ ಅವಳ ಕಾಲಿನ ಅಳತೆಗೆ ಹೊಲಿದಿದ್ದ ಚಪ್ಪಲಿ. ಮೂವತ್ತು ವರ್ಷ ಗೂಟಕ್ಕೆ ನೇತಾಡಿದ್ದವು, ವರ್ಷಕ್ಕೊಮ್ಮೆ ಎಣ್ಣೆ ಕುಡಿದಿದ್ದವು, ನೆಲ ಮಾತ್ರ ಕಂಡಿರಲಿಲ್ಲ. ಹಾಕಿಕೊಂಡಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಬಾರಸಲೇ ಅಂಬಪ್ಪ," ಎಂದು ಗೌಡರ ಓಣಿಯ ಕಡೆ ತಿರುಗಿದಳು. ಹಲಗೆ ಮುಂದೆ ನಡೆಯಿತು. ಹಿಂದೆ ಆ ಹಳೆಯ ತೊಗಲು ಕಿರ್ರ್ ಕಿರ್ರ್ ಎನ್ನುತ್ತ ಒಂದೊಂದೇ ಬಾಗಿಲು ದಾಟಿತು.