ಕೇಳದೆ ತೆಗೆದ ಫೋಟೋ

ಆ ಫೋಟೋ ತೆಗೆಯುವ ಹೊತ್ತಿಗೆ ಶಶಿರೇಖಾ ಬಸ್ಸಿಳಿದು ಹತ್ತು ನಿಮಿಷವೂ ಆಗಿರಲಿಲ್ಲ. ನಿಡಘಟ್ಟದ ಹತ್ತಿರ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ಹೋಗುವ ಮಣ್ಣುದಾರಿಯ ಕೊನೆಗೆ ಪುಟ್ಟಸ್ವಾಮಿಯ ಆಲೆಮನೆ. ಅಂಗಳದ ತುಂಬ ಕಬ್ಬಿನ ಸಿಪ್ಪೆ ಒಣಹಾಕಿದ್ದರು. ಒಬ್ಬ ಹೆಂಗಸು ಅದನ್ನು ಕೋಲಿನಿಂದ ತಿರುವಿ ಹಾಕುತ್ತಿದ್ದಳು. ಪಕ್ಕದಲ್ಲಿ ಸ್ಕೂಲ್ ಬ್ಯಾಗು ಬೆನ್ನಿಗೇರಿಸಿಕೊಂಡ ಹುಡುಗಿ ನಿಂತಿತ್ತು. ಇಳಿಬಿಸಿಲು ಇಬ್ಬರ ಮುಖದ ಮೇಲೂ ಚೆನ್ನಾಗಿ ಬಿದ್ದಿತ್ತು. ಶಶಿರೇಖಾ ಬೇಲಿಯ ಈಚೆಯಿಂದಲೇ ಎರಡು ಫೋಟೋ ತೆಗೆದು, ಟೀ ಅಂಗಡಿಯವನ ಹತ್ತಿರ ಅವರ ಊರು ಕೇಳಿಕೊಂಡು, ಬಂದ ದಾರಿಯಲ್ಲೇ ವಾಪಸ್ಸು ಹೋದಳು.

ಅವಳು ಅಲ್ಲಿಗೆ ಹೋಗಿದ್ದಕ್ಕೆ ಕಾರಣವಿತ್ತು. ಮೂರು ದಿನದ ಹಿಂದೆ ಒಂದು ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಸಂತೆಯಿಂದ ಬರುತ್ತಿದ್ದ ಆಲೆಮನೆಯ ಆಳುಗಳನ್ನು ನಾಲ್ಕು ಜನ ಹುಡುಗರು ಅಡ್ಡಹಾಕಿ, ರಸ್ತೆ ಬದಿಯಲ್ಲಿ ಸಾಲಾಗಿ ಕೂರಿಸಿ, "ಬಾಂಗ್ಲಾದೇಶದೋರಾ? ಕಾರ್ಡು ತೆಗೀರಿ" ಎಂದು ಗದರಿಸುತ್ತಿದ್ದರು. ನೋಡಿದವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಅವಳು ಮದ್ದೂರಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. 'ದುಡಿವ ಮಂದಿ' ಅಂತ ಫೇಸ್‌ಬುಕ್ಕಿನಲ್ಲಿ ಒಂದು ಪೇಜು ನಡೆಸುತ್ತಿದ್ದಳು. ಆ ಸಂಜೆಯೇ ಫೋಟೋ ಹಾಕಿ ಬರೆದಳು: "ಇವರು ಅಸ್ಸಾಮಿನವರು. ಈ ದೇಶದವರೇ. ನೀವು ತಿನ್ನುವ ಬೆಲ್ಲದ ಒಲೆಗೆ ಉರಿ ಹಾಕುವವರು." ಕೆಳಗೆ ಜಾಗದ ಹೆಸರನ್ನೂ ಹಾಕಿದಳು. ಸತ್ಯಕ್ಕೆ ವಿಳಾಸ ಇರಬೇಕು ಅಂತ ಅವಳ ನಂಬಿಕೆ.

ಎರಡು ದಿನದಲ್ಲಿ ಅದನ್ನು ನಾಲ್ಕು ಸಾವಿರ ಜನ ಹಂಚಿಕೊಂಡರು. ಹೊಗಳಿದವರೂ ಇದ್ದರು, ಬಾಯಿಗೆ ಬಂದಂತೆ ಬೈದವರೂ ಇದ್ದರು. ಶಶಿರೇಖಾ ಒಬ್ಬೊಬ್ಬರಿಗೂ ಉತ್ತರ ಬರೆಯುತ್ತ ಕೂತಿದ್ದಾಗ ಪುಟ್ಟಸ್ವಾಮಿಯ ಫೋನು ಬಂತು.

"ಮೇಡಮ್ಮು ಅಂದ್ರೆ ನೀವೇಯಾ, ನಮ್ಮ ಆಲೆಮನೆ ಫೋಟೋ ಆಕಿರೋರು?"

"ಹೌದು, ನಾನೇ."

"ನಿನ್ನೆ ಎರಡು ಕಾರಲ್ಲಿ ಜನ ಬಂದು ಅವಳನ್ನ ಹುಡುಕುದ್ರು ಕಣಮ್ಮ. ಫೋಟೋ ಮುಂದಕ್ಕಿಡ್ಕಂಡು, ಇವಳೆಲ್ಲಿ, ಇವಳೆಲ್ಲಿ ಅಂತ. ಇವತ್ತು ಬೆಳಗ್ಗೆ ಎದ್ದು ನೋಡ್ತೀನಿ, ಗುಡ್ಲು ಖಾಲಿ. ಗಂಡ, ಎಂಡ್ತಿ, ಮಗಳು ಮೂರೂ ಇಲ್ಲ. ನಾಕು ವರ್ಸದಿಂದ ನಮ್ಮ ತಾವೇ ಇದ್ರು. ಒಂದು ಮಾತು ಏಳ್ದೆ ಒಂಟೋದ್ರು." ಅವನ ದನಿಯಲ್ಲಿ ಸಿಟ್ಟಿಗಿಂತ ಬೇಜಾರೇ ಹೆಚ್ಚಾಗಿತ್ತು.

ಶಶಿರೇಖಾ ಫೋನಿಟ್ಟಳು. ಆಮೇಲೆ ಮಂಡ್ಯದಲ್ಲಿದ್ದ ಗೆಳತಿ ಅರ್ಪಿತಳಿಗೆ ಫೋನು ಮಾಡಿದಳು. ಅರ್ಪಿತ ವಿದ್ಯಾರ್ಥಿ ಸಂಘಟನೆಯಲ್ಲಿದ್ದವಳು, ಗಟ್ಟಿ ಹುಡುಗಿ. "ಪೋಸ್ಟ್ ತೆಗೀಬೇಡ ಕಣೇ, ತೆಗೆದರೆ ಅವರು ಗೆದ್ದಂಗೆ. ಕುಟುಂಬ ಕಾಣೆಯಾಗಿದೆ ಅಂತ ಇನ್ನೊಂದು ಹಾಕು" ಅಂದಳು. ಶಶಿರೇಖಾ ಬರೆಯಲು ಶುರುಮಾಡಿದಳು.

ಮಂಡಿನೋವಿಗೆ ತೋರಿಸಿಕೊಳ್ಳಲು ಪೂರಿಗಾಲಿಯಿಂದ ಬಂದು ಮಗಳ ಮನೆಯಲ್ಲಿದ್ದ ಅಪ್ಪ ಕೆಂಪಸಿದ್ದಯ್ಯ ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮೂವತ್ತು ವರ್ಷ ಕೂಲಿಕಾರರ ಸಂಘ ಕಟ್ಟಿದವರು, ಎರಡು ಸಲ ಜೈಲು ನೋಡಿ ಬಂದವರು.

"ಆ ಎಣ್ಣುಮಗಳನ್ನ ಕೇಳಿದ್ಯಾ ನೀನು, ಫೋಟೋ ತೆಗಿಯಕ್ಕೆ ಮುಂಚೆ?"

"ಇಲ್ಲಪ್ಪ."

"ಎಸ್ರು ಕೇಳಿದ್ಯಾ?"

ಅವಳು ತಲೆ ಅಲ್ಲಾಡಿಸಿದಳು. ಮೊಬೈಲಿನ ಮೇಲೆ ಅರ್ಧ ಬರೆದ ಸಾಲು ಮಿನುಗುತ್ತಿತ್ತು.

"ಅದನ್ನ ಆಮ್ಯಾಕೆ ಬರಿವಂತೆ. ಈಗ ಚಪ್ಲಿ ಮೆಟ್ಕೊ," ಅಂದರು ಕೆಂಪಸಿದ್ದಯ್ಯ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಲೀಸಾಗುತ್ತಿತ್ತು.

ಆ ಮೂವರು ಮಂಡ್ಯದ ಬಸ್ಸು ಹತ್ತಿದ್ದನ್ನು ನೋಡಿದೆವೆಂದು ಆಲೆಮನೆಯವರು ಹೇಳಿದ್ದರಿಂದ ಅಪ್ಪ ಮಗಳು ಮೊದಲು ಮಂಡ್ಯದ ರೈಲ್ವೆ ಸ್ಟೇಷನ್ನಿಗೆ ಹೋದರು. ಎರಡೂ ಪ್ಲಾಟ್‌ಫಾರ್ಮು ಸುತ್ತಿದರು. ಕೆಂಪಸಿದ್ದಯ್ಯ ಕುಂಟುತ್ತ, ಹೂ ಮಾರುವವರನ್ನು, ಮೂಟೆ ಹೊರುವವರನ್ನು ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಫೋಟೋ ತೋರಿಸೋಣ ಅಂತ ಶಶಿರೇಖಾ ಮೊಬೈಲು ತೆಗೆದವಳು, ತೋರಿಸಲಾರದೆ ವಾಪಸ್ಸು ಇಟ್ಟುಕೊಂಡಳು. ಆ ಕಾರಿನವರು ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು.

ಮಾರನೆ ದಿನ ಅವಳಿಗೆ ಆ ಹುಡುಗಿಯ ಬೆನ್ನಿನ ಮೇಲಿದ್ದ ಬ್ಯಾಗು ನೆನಪಾಗಿ, ನಿಡಘಟ್ಟದ ಸ್ಕೂಲಿಗೆ ಹೋದಳು. ಐದನೇ ಕ್ಲಾಸಿನ ಟೀಚರು ದೀಪಿಕ ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಜೆಸ್ಮಿನಾ ಅಂತ ಅವಳ ಹೆಸರು. ಕ್ಲಾಸಿಗೇ ಚುರುಕು. ನೀವು ಮತ್ತೆ ಎಲ್ಲಾದರೂ ಹಾಕಲ್ಲ ತಾನೆ?"

"ಹಾಕಲ್ಲ ಮೇಡಂ. ತಪ್ಪಾಯ್ತು ಅಂತ ಹೇಳಬೇಕು ಅಷ್ಟೇ."

ದೀಪಿಕ ಕ್ಲಾಸಿನ ಬಾಗಿಲು ಮುಂದೆ ಮಾಡಿ ಈಚೆಗೆ ಬಂದರು. "ಬೆಳಗ್ಗೆ ಯಾರದೋ ಫೋನಿಂದ ಮಾಡಿದ್ದಳು. ಪರೀಕ್ಷೆ ಯಾವತ್ತಿಂದ ಮಿಸ್ ಅಂತ ಕೇಳಿದಳು. ಮಳವಳ್ಳಿ ಹತ್ತಿರ ಬೆಟ್ಟಮ್ಮ ಅನ್ನೋರ ರೇಷ್ಮೆ ತೋಟದಲ್ಲಿದ್ದಾರಂತೆ. ಮೊದಲು ನಾನೇ ಅವರನ್ನ ಕೇಳ್ತೀನಿ. ಬರಲಿ ಅಂದರೆ ಮಾತ್ರ ನೀವು ಹೋಗಿ."

ಆ ಕಡೆಯಿಂದ ಉತ್ತರ ಬರಲು ಎರಡು ದಿನ ಹಿಡಿಯಿತು. ಆ ಎರಡು ದಿನ ಶಶಿರೇಖಾ ಪಾಠ ಮಾಡಿದಳು, ಊಟ ಮಾಡಿದಳು, ಆದರೆ ಯಾವುದೂ ಮೈಗೆ ಹತ್ತಲಿಲ್ಲ. ಬರಲಿ ಅಂತ ಸುದ್ದಿ ಬಂದಾಗ ಅಪ್ಪನನ್ನೂ ಕರೆದುಕೊಂಡು ಮಳವಳ್ಳಿ ಬಸ್ಸು ಹತ್ತಿದಳು.

ಬೆಟ್ಟಮ್ಮನದು ಎರಡು ಎಕರೆ ಹಿಪ್ಪುನೇರಳೆ, ಪಕ್ಕದಲ್ಲೇ ಹುಳ ಸಾಕುವ ಉದ್ದನೆಯ ಮನೆ. ಅರವತ್ತು ದಾಟಿದ ಆ ಹೆಂಗಸು ಬಾಗಿಲಲ್ಲೇ ಕೈ ಅಡ್ಡ ಇಟ್ಟರು.

"ನೀನೇಯಾ ಫೋಟೋ ಆಕ್ದೋಳು? ಮೊಬೈಲು ಬ್ಯಾಗೊಳಕ್ಕೆ ಮಡಗು. ಆಮ್ಯಾಕೆ ಒಳಿಕ್ಕೆ ಬಾ." ಕೆಂಪಸಿದ್ದಯ್ಯನ ಕಾಲು ನೋಡಿ ದನಿ ಬದಲಾಯಿತು. "ನೀವು ಕುರ್ಚಿ ಮ್ಯಾಲೆ ಕೂತ್ಕಳಿ ಯಜಮಾನ್ರೇ."

ಒಳಗೆ ಹುಳಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಜೆಸ್ಮಿನಾಳ ತಾಯಿ ಮೊರ್ಜಿನಾ ತಟ್ಟೆಗೆ ಸೊಪ್ಪು ಹರಡುತ್ತಿದ್ದವಳು ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕೂತಳು. ಗಂಡ ಸೈಫುಲ್ ಗೋಡೆಗೆ ಒರಗಿ ನಿಂತ. ಶಶಿರೇಖಾ ಅವಳ ಎದುರಿಗೆ ನೆಲಕ್ಕೇ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಮರೆತು, "ನನ್ನಿಂದ ತಪ್ಪಾಯ್ತು" ಅಂತ ಮಾತ್ರ ಅಂದಳು.

"ಅಮ್ಮುಂಗೆ ಕನ್ನಡ ಅರ್ತ ಆಯ್ತದೆ," ಜೆಸ್ಮಿನಾ ಹೇಳಿತು. "ಮಾತಾಡಕ್ಕೆ ಸ್ವಲ್ಪ ಬತ್ತದೆ."

ಮೊರ್ಜಿನಾ ಮಾತು ಹುಡುಕಿಕೊಂಡು ಹೇಳಿದಳು. "ನೀ ಬಂದು ಕೇಳಿದ್ರೆ, ನಾ ಬೇಡ ಹೇಳ್ತಿದ್ದೆ. ಇಲ್ಲ, ಸರಿ ಹೇಳ್ತಿದ್ದೆ. ಗೊತ್ತಿಲ್ಲ. ಆದ್ರೆ ಕೇಳ್ಬೇಕಿತ್ತು." ಆಮೇಲೆ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಮಗಳು ಕೇಳಿಸಿಕೊಂಡು ಚಿಕ್ಕದು ಮಾಡಿ ಹೇಳಿತು. "ನಮ್ಮೂರಲ್ಲೂ ಒಂದ್ಸಲ ಇಂಗೇ ಆಗಿತ್ತಂತೆ. ನೀವು ಇಲ್ಲಿಯೋರಲ್ಲ ಅಂತ. ಅಜ್ಜನ ಕಾಗ್ದ ಎಲ್ಲ ಇಡ್ಕಂಡು ಎರಡು ವರ್ಸ ಅಲೆದ್ರಂತೆ. ಅದ್ಕೇ ಇಷ್ಟು ದೂರ ಬಂದಿದ್ದು, ಯಾರೂ ನೋಡ್ದೆ ಇರಲಿ ಅಂತ."

ಶಶಿರೇಖಾಳ ಕಣ್ಣು ತುಂಬಿತು. ಅಳುವುದಕ್ಕೂ ಅವಳಿಗೆ ನಾಚಿಕೆಯಾಯಿತು. ಬೆಟ್ಟಮ್ಮನನ್ನು ಕೇಳಿ ಮೊಬೈಲು ತೆಗೆದು, ಮೊರ್ಜಿನಾಳ ಎದುರಿಗೇ ಆ ಪೋಸ್ಟನ್ನು ಅಳಿಸಿದಳು. "ಬೇರೆಯವರು ಇಟ್ಟುಕೊಂಡಿರೋದನ್ನ ಅಳಿಸೋಕೆ ನನ್ನ ಕೈಲಿ ಆಗಲ್ಲ," ಅಂತ ಇದ್ದದ್ದು ಇದ್ದ ಹಾಗೆ ಹೇಳಿದಳು.

ಕೆಂಪಸಿದ್ದಯ್ಯ ಕೇಳಿದರು. "ಈಗ ನಿಮ್ಗೆ ಏನಾಗ್ಬೇಕು ತಾಯಿ? ನಾವು ಏನ್ ಮಾಡುಮಾ?"

ಗಂಡ ಹೆಂಡತಿ ಮುಖ ನೋಡಿಕೊಂಡರು. ಸೈಫುಲ್ ಮೊದಲ ಸಲ ಬಾಯಿಬಿಟ್ಟ. ಆ ದಿನ ರಸ್ತೆಯಲ್ಲಿ ಕೂರಿಸಿದವರು ತನ್ನ ವೋಟರ್ ಕಾರ್ಡು ಕಿತ್ತುಕೊಂಡು ವಾಪಸ್ಸು ಕೊಟ್ಟಿಲ್ಲ ಅಂದ. ಅದಿಲ್ಲದೆ ರೈಲು ಹತ್ತಲೂ ಭಯ, ಊರಿಗೆ ಹೋಗಲೂ ಭಯ. ಹಾಗಾಗಿ ಮಂಡ್ಯದ ಸ್ಟೇಷನ್ನಿನವರೆಗೂ ಹೋದವರು ಮಳವಳ್ಳಿಗೆ ತಿರುಗಿ ಬಂದಿದ್ದರು. ಹೋದ ವರ್ಷ ಸೊಪ್ಪು ಕೀಳಲು ಕರೆದಿದ್ದ ಬೆಟ್ಟಮ್ಮ ಬಿಟ್ಟರೆ ಅವರಿಗೆ ಬೇರೆ ಗುರುತಿನವರಿರಲಿಲ್ಲ. ನಾಲ್ಕು ಸಾವಿರ ಜನ ಹಂಚಿಕೊಂಡ ಸುದ್ದಿಯಲ್ಲಿ ಈ ಕಾರ್ಡಿನ ಮಾತು ಒಂದು ಕಡೆಯೂ ಇರಲಿಲ್ಲ.

ಅಲ್ಲಿಂದ ಅಪ್ಪ ಮಗಳು ನೇರವಾಗಿ ಪುಟ್ಟಸ್ವಾಮಿಯ ಆಲೆಮನೆಗೆ ಹೋದರು. ಶಶಿರೇಖಾ ಕಾರ್ಡಿನ ವಿಷಯ ಹೇಳಿ, ಆ ಹಳೆಯ ವಿಡಿಯೋ ಹಾಕಿ ಕೊಟ್ಟಳು. ಪುಟ್ಟಸ್ವಾಮಿ ಒಂದು ಸಲ ನೋಡಿದ. ಎರಡನೇ ಸಲ ಹತ್ತಿರ ಹಿಡಿದು ನೋಡಿದ. ಮುಖ ಕಪ್ಪಿಟ್ಟಿತು.

"ಈ ಎಲ್ಮೆಟ್ಟು ಆಕಿರೋನು ನಮ್ಮಕ್ಕನ ಮಗ ಕಣಣ್ಣ," ಅಂದ, ಕೆಂಪಸಿದ್ದಯ್ಯನ ಕಡೆ ನೋಡದೆ. "ನಮ್ಮನೇಲೇ ಉಂಡು ಬೆಳೆದೋನು."

"ಗೌಡ್ರೇ, ನಾನು ಪೋಲೀಸ್ ಸ್ಟೇಷನ್ಗೆ ಓಯ್ತೀನಿ ಅಂತ ಎದ್ರುಸಕ್ಕೆ ಬಂದಿಲ್ಲ. ಆ ಉಡ್ಗುಂಗೆ ನಿಮ್ಮ ಮಾತು ನಡೀತದೆ. ನಮ್ದು ನಡಿಯಕ್ಕಿಲ್ಲ."

ಪುಟ್ಟಸ್ವಾಮಿ ಮೊಬೈಲು ವಾಪಸ್ಸು ಕೊಟ್ಟು ಒಳಕ್ಕೆ ಹೋದ. ಆದರೆ ಮಾರನೆ ದಿನ ಬೆಳಗ್ಗೆ ಮದ್ದೂರಿಗೆ ತಾನೇ ಬಂದ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾರ್ಡು ತೆಗೆದು ಕೊಟ್ಟ. ಶಶಿರೇಖಾ ಕಾಫಿ ಕೊಟ್ಟಳು. ಅವನು ಲೋಟ ಹಿಡಿದುಕೊಂಡು ಗೋಡೆಯ ಮೇಲಿದ್ದ ಬುದ್ಧನ ಪಟವನ್ನೂ ಅಂಬೇಡ್ಕರರ ಪಟವನ್ನೂ ನೋಡುತ್ತ ಕೂತ.

"ಅವನೇ ಬಂದು ಕೊಡ್ಬೇಕಾಗಿತ್ತು," ಅಂದರು ಕೆಂಪಸಿದ್ದಯ್ಯ.

"ಬತ್ತಾನೆ ಅಂತ ಏಳಕ್ಕಾಗಕ್ಕಿಲ್ಲ ಸಿದ್ದಯ್ಯಣ್ಣ. ನಾಕು ಬಿಗಿದೆ. ಅಕ್ಕ ಮಾತು ಬುಟ್ಟವಳೆ." ಕಾಫಿ ಕುಡಿದು ಅವನೇ ಕೇಳಿದ. "ಇಷ್ಟಕ್ಕೇ ಬುಡ್ತೀರಾ?"

ಕೆಂಪಸಿದ್ದಯ್ಯ ಬಿಡುವವರಲ್ಲ. ಸೈಫುಲ್‌ನನ್ನೇ ಹೋಗಿ ಕೇಳಿದರು. ನೀವೆಲ್ಲ ಹೆಸರು ಹಾಕಿದರೆ ನಾನೂ ಹಾಕುತ್ತೇನೆ ಅಂತ ಅವನು ಹೇಳಿದ. ದಾರಿಯಲ್ಲಿ ಕಾರ್ಡು ಕೇಳಲು ಖಾಸಗಿ ಜನಕ್ಕೆ ಹಕ್ಕಿಲ್ಲ, ಹಾಗೆ ಮಾಡಿದವರ ಮೇಲೆ ಕ್ರಮ ಆಗಬೇಕು ಅಂತ ಒಂದು ಮನವಿ ಬರೆದರು. ಆ ಸೋಮವಾರ ಮದ್ದೂರಿನ ತಾಲ್ಲೂಕು ಕಚೇರಿ ಮುಂದೆ ಹನ್ನೊಂದು ಜನ ಕೂತರು. ಅರ್ಪಿತ ಮಂಡ್ಯದಿಂದ ಬಂದಳು. ಬೆಟ್ಟಮ್ಮ ಸೆರಗು ಬಿಗಿದುಕೊಂಡು ಮುಂದಿನ ಸಾಲಿನಲ್ಲಿ ಕೂತರು. ಪುಟ್ಟಸ್ವಾಮಿ ಬಹಳ ಹೊತ್ತು ಮರದಡಿ ನಿಂತಿದ್ದು, ಕೊನೆಗೆ ಬಂದು, ಪೆನ್ನು ಇಸಿದುಕೊಂಡು ಸಹಿ ಹಾಕಿದ. ಅಧಿಕಾರಿ ಮನವಿ ತೆಗೆದುಕೊಂಡು, ವಿಚಾರಿಸುವುದಾಗಿ ಹೇಳಿದರು.

ಹೊರಡುವಾಗ, ಗಂಡ ಮಗಳ ಜೊತೆ ಬಂದಿದ್ದ ಮೊರ್ಜಿನಾ ಶಶಿರೇಖಾಳ ಕೈ ಹಿಡಿದು ನಿಲ್ಲಿಸಿದಳು. "ಬರಿ," ಅಂದಳು. "ನಾ ಹೇಳ್ತೀನಿ, ನೀ ಬರಿ. ಫೋಟೋ ಬೇಡ." ಅವಳು ಹೇಳಿದಳು, ಜೆಸ್ಮಿನಾ ಕನ್ನಡ ಮಾಡಿತು, ಶಶಿರೇಖಾ ಒಂದಕ್ಷರ ಸೇರಿಸದೆ ಟೈಪು ಮಾಡಿದಳು. "ನೀವು ಕೇಳಿದಾಗೆಲ್ಲ ನಾವು ಕಾರ್ಡು ತೋರಿಸಿದ್ದೇವೆ. ಕೇಳಲು ನೀವು ಯಾರು ಅಂತ ನಾವು ಒಂದು ದಿನವೂ ಕೇಳಿಲ್ಲ. ಇವತ್ತು ಕೇಳುತ್ತಿದ್ದೇವೆ." ಓದಿಸಿ ಕೇಳಿಸಿಕೊಂಡು ಮೊರ್ಜಿನಾ ತಲೆಯಾಡಿಸಿದ ಮೇಲೆ ಪೇಜಿಗೆ ಹೋಯಿತು. ಅದನ್ನು ಹಂಚಿಕೊಂಡವರು ಅರವತ್ತು ಚಿಲ್ಲರೆ ಜನ. ಬೈದವರು ಅದಕ್ಕಿಂತ ಹೆಚ್ಚು. ಕಾಲೇಜಿನ ಪ್ರಿನ್ಸಿಪಾಲರು ಕರೆದು, ಇಂಥದ್ದೆಲ್ಲ ಬೇಕಾ ನಿಮಗೆ, ಮುಂದಿನ ವರ್ಷ ನಿಮ್ಮನ್ನು ತೆಗೆದುಕೊಳ್ಳುವುದು ಕಷ್ಟವಾಗುತ್ತದೆ ಅಂದರು. ನೋಡೋಣ ಸಾರ್ ಅಂದು ಶಶಿರೇಖಾ ಕ್ಲಾಸಿಗೆ ಹೋದಳು.

ಜೆಸ್ಮಿನಾಳ ಪರೀಕ್ಷೆ ಶುರುವಾಯಿತು. ಮಳವಳ್ಳಿ ಕಡೆಯಿಂದ ನಿಡಘಟ್ಟಕ್ಕೆ ಎರಡು ಬಸ್ಸು ಬದಲಾಯಿಸಬೇಕು, ಒಂಟಿ ಮಗುವನ್ನು ಕಳಿಸಲು ಮೊರ್ಜಿನಾಗೆ ಧೈರ್ಯವಿರಲಿಲ್ಲ. "ನಾನು ಓಯ್ತೀನಿ ಬುಡು," ಅಂದರು ಕೆಂಪಸಿದ್ದಯ್ಯ. ಮಗಳು ಮಂಡಿಯ ನೆನಪು ಮಾಡಿದರೆ, ಕೂತುಕೊಂಡು ಹೋಗುವುದಕ್ಕೆ ಮಂಡಿ ಯಾಕೆ ಅಂತ ಮುಖ ತಿರುಗಿಸಿದರು. ಬೆಟ್ಟಮ್ಮನ ಹಟ್ಟಿಯ ಚಾವಡಿಯಲ್ಲೇ ಮಲಗಿ, ಪರೀಕ್ಷೆಯಿದ್ದ ಅಷ್ಟೂ ದಿನ ಹುಡುಗಿಯ ಜೊತೆ ಹೋಗಿಬಂದರು. ಹೋಗುವಾಗ ಅದಕ್ಕೆ ಮಗ್ಗಿ ಕೇಳುತ್ತಿದ್ದರು. ಬರುವಾಗ ಅದು ಅವರಿಗೆ ತನ್ನ ಊರಿನ ನದಿಯ ಸುದ್ದಿ ಹೇಳುತ್ತಿತ್ತು. ಅವರ ಅಜ್ಜನ ಹೊಲ ಒಂದು ಮಳೆಗಾಲದಲ್ಲಿ ನೀರೊಳಗೆ ಹೋಯಿತಂತೆ, ಮನೆಯೂ ಹೋಯಿತಂತೆ, ಒಂದು ಹಸು ಮಾತ್ರ ಈಜಿಕೊಂಡು ಬಂದಿತಂತೆ.

"ಆ ಅಸೀನ ಎಸ್ರೇನವ್ವ?"

"ಲಕ್ಕಿ."

ಕೆಂಪಸಿದ್ದಯ್ಯ ನಕ್ಕಿದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು.

ಮೊರ್ಜಿನಾ ಆಲೆಮನೆಗೆ ಮತ್ತೆ ಹೋಗಲಿಲ್ಲ. ಪುಟ್ಟಸ್ವಾಮಿ ಬಂದು ಕರೆದ, ಅವಳು ಇಲ್ಲ ಅಂದಳು, ಅವನು ಒತ್ತಾಯ ಮಾಡಲಿಲ್ಲ. ವಿಡಿಯೋದ ಹುಡುಗರನ್ನು ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು ಅಂತ ಏಪ್ರಿಲ್‌ನಲ್ಲಿ ತಿಳಿಯಿತು. ಶಶಿರೇಖಾ ಭಾನುವಾರಗಳಲ್ಲಿ ತೋಟಕ್ಕೆ ಹೋಗಿ ಸೊಪ್ಪು ಕೀಳುವುದನ್ನು ಕಲಿತಳು. ಮೊರ್ಜಿನಾ ಮೊದಮೊದಲು ಅವಳೊಂದಿಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಮೇ ತಿಂಗಳ ಹೊತ್ತಿಗೆ, ನೀನು ಎಳೆ ಎಲೆಯನ್ನೆಲ್ಲ ಹಾಳು ಮಾಡುತ್ತೀ ಅಂತ ಗದರುವಷ್ಟು ಸಲಿಗೆಯಾಗಿತ್ತು.

ಜೂನ್‌ನಲ್ಲಿ ಆರನೇ ಕ್ಲಾಸಿಗೆ ಸೇರಿಸಲು ಎಲ್ಲರೂ ಮಳವಳ್ಳಿಗೆ ಹೋದರು. ಹೆಡ್‌ಮಾಸ್ಟರು ಅರ್ಜಿ ತುಂಬುತ್ತ ತಂದೆ ಹೆಸರು ಕೇಳಿದರು, ತಾಯಿ ಹೆಸರು ಕೇಳಿದರು. ವಿಳಾಸದ ಹತ್ತಿರ ಬಂದು ತಲೆಯೆತ್ತಿದರು. ಸೈಫುಲ್ ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಬೆಟ್ಟಮ್ಮ ಮೇಜಿನ ಹತ್ತಿರಕ್ಕೆ ಬಂದು ನಿಂತಿದ್ದರು.

"ನಮ್ಮನೇದು ಬರ್ಕಳಿ ಸಾ," ಅಂದರು. "ಬೆಟ್ಟಮ್ಮನ ಮನೆ ಅಂದ್ರೆ ಪೋಸ್ಟಿನೋನಿಗೆ ಗೊತ್ತು."

ಹೆಡ್‌ಮಾಸ್ಟರು ಬರೆದುಕೊಂಡರು. ಜೆಸ್ಮಿನಾ ಕತ್ತು ಚಾಚಿ, ಅಕ್ಷರ ಸರಿಯಾಗಿದೆಯಾ ಅಂತ ನೋಡುತ್ತಿತ್ತು.