ಕಾಸರಕೋಡಿನ ಗಣಪಿ ಕ್ಲಬ್ಬಿಗೆ ಬಂದದ್ದು

ಗಣಪಿಗೆ ಕ್ಲಬ್ಬಿನಲ್ಲಿ ರಿಕಾರ್ಡು ಹಾಕುವ ಹುಚ್ಚು ಹತ್ತಿದ್ದು ಮುಂಬೈಯಲ್ಲಿ, ಎಪ್ಪತ್ತನಾಲ್ಕನೇ ಇಸವಿಯಲ್ಲಿ. ಅವಳಿಗಾಗ ಹದಿನೆಂಟು. ಹೊನ್ನಾವರದ ಬಳಿಯ ಕಾಸರಕೋಡಿನ ಮೀನುಗಾರರ ಮನೆಯ ಹುಡುಗಿ, ಸೋದರತ್ತೆಯ ಬೆನ್ನು ಹತ್ತಿ ಹೋಗಿ ಕೊಲಾಬಾದ ಗೋವೆಯವರೊಬ್ಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆ ಮನೆಯ ಮಗ ಮೆಲ್ವಿನ್ ಒಂದು ದೊಡ್ಡ ಹೋಟೆಲಿನ ಡಾನ್ಸ್ ಹಾಲಿನಲ್ಲಿ ಡೀಜೆ. ಹಗಲೆಲ್ಲ ಎರಡು ಪ್ಲೇಯರ್ ಇಟ್ಟುಕೊಂಡು ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ಜೋಡಿಸುವ ಅಭ್ಯಾಸ ಮಾಡುತ್ತಿದ್ದ. ಗಣಪಿ ಅವನಿಗೆ ಮಾಡಿದ ಮೊದಲ ಸಹಾಯವೆಂದರೆ ಹನ್ನೆರಡು ರಿಕಾರ್ಡುಗಳನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಬಿಸಿಲಿಗೆ ಒಣಹಾಕಿದ್ದು. ಮೆಲ್ವಿನ್ ಎರಡು ದಿನ ಊಟ ಬಿಟ್ಟ. ಇನ್ನಷ್ಟು ಸಹಾಯ ಆಗದಿರಲಿ ಎಂದು ಮೂರನೆಯ ದಿನ ಅವನೇ ಅವಳಿಗೆ ರಿಕಾರ್ಡು ಹಿಡಿಯುವುದು, ಸೂಜಿ ಇಡುವುದು, ತಾಳವನ್ನು ನಾಲ್ಕು ನಾಲ್ಕಾಗಿ ಎಣಿಸುವುದು ಕಲಿಸಿದ.

ಒಂದು ಸಂಜೆ ಅವಳು ಅವನ ರಿಕಾರ್ಡು ಪೆಟ್ಟಿಗೆ ಹೊತ್ತು ಹೋಟೆಲಿಗೆ ಹೋದಳು. ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದರೆ, ಮೆಲ್ವಿನ್ನನ ಬೆರಳು ಆಡಿದ ಹಾಗೆ ಇನ್ನೂರು ಜನ ಎದ್ದು ಬೀಳುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನರಿಗೆ ಕುಣಿಯಲು ಬರುತ್ತಿರಲಿಲ್ಲ. ಆದರೂ ಕುಣಿಯುತ್ತಿದ್ದರು. ಮನೆಯಲ್ಲಿ ಒಂದು ಲೋಟ ಕೇಳಿದರೆ ಎದ್ದು ಕೊಡದ ಮನುಷ್ಯ ಇಷ್ಟು ಜನರನ್ನು ಆಡಿಸುತ್ತಾನಲ್ಲ, ನಾನೂ ಇದನ್ನೇ ಮಾಡಬೇಕು ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

ಮನೆಯವರ ನಿಶ್ಚಯ ಬೇರೆ ಇತ್ತು. ಎಪ್ಪತ್ತೇಳರಲ್ಲಿ ಅವಳನ್ನು ಕರೆಸಿ ಹೊನ್ನಾವರದ ಬೀರನಿಗೆ ಮದುವೆ ಮಾಡಿದರು. ಗಣಪಿ ಒಪ್ಪಿದ್ದಕ್ಕೆ ಕಾರಣ ಬೀರನ ಮೋರೆಯಲ್ಲ, ಅವನ ಹತ್ತಿರ ಮೈಕ್ ಸೆಟ್ ಇತ್ತು. ಬೀರ ಒಳ್ಳೆಯವನು. ‘ಹಲೋ, ಮೈಕ್ ಟೆಸ್ಟಿಂಗ್’ ಅನ್ನುವುದು ಮತ್ತು ಆಂಪ್ಲಿಫೈಯರಿಗೆ ಒರಗಿ ನಿದ್ದೆ ಹೋಗುವುದು, ಎರಡನ್ನೂ ಚೆನ್ನಾಗಿ ಬಲ್ಲವನು. ಅವನ ಪ್ರಕಾರ ರಿಕಾರ್ಡು ಇರುವುದು ಭಟ್ಟರು ಬರುವವರೆಗೆ ಹೊತ್ತು ಕಳೆಯಲಿಕ್ಕೆ. ಮಾವಳ್ಳಿಯ ಒಂದು ಮದುವೆಯಲ್ಲಿ ಅವನು ಮಲಗಿದ್ದಾಗ ಗಣಪಿ ಡಾನ್ಸಿನ ರಿಕಾರ್ಡು ಹಾಕಿದಳು. ಧಾರೆಗೆ ಕೂತಿದ್ದ ಮದುಮಗನ ಕಾಲು ಅಲುಗಿತೆಂದು ಅವನ ಮಾವನಿಗೆ ಸಿಟ್ಟು ಬಂದು, ಮೈಕ್ ಸೆಟ್ಟನ್ನು ತೆಂಗಿನ ಬುಡಕ್ಕೆ ಸಾಗಿಸಿದರು.

ಮನೆಗೆ ಬಂದು ಬೀರ ಬೈಯಲಿಲ್ಲ. ಇದೆಲ್ಲ ಎಂತಕ್ಕೆ ಎಂದು ಕೇಳಿದ. ಗಣಪಿ ಹೋಟೆಲಿನ ಬಾಗಿಲ ಸಂದಿಯಿಂದ ಹಿಡಿದು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವನಿಗೆ ನಿದ್ದೆ ಬರಲಿಲ್ಲ ಎನ್ನುವುದೇ ಅವಳಿಗೆ ದೊಡ್ಡ ಸಂಗತಿ. ಮರುವಾರ ಅವನು ಭಟ್ಕಳಕ್ಕೆ ಹೋಗಿ, ದುಬೈಯಿಂದ ಬಂದಿದ್ದ ನವಾಯತ ಮುಸ್ಲಿಮರೊಬ್ಬರ ಬೇಡವಾದ ಪ್ಲೇಯರನ್ನು ತನ್ನದಕ್ಕೆ ಜೋಡಿಯಾಗಿ ತಂದ. ಸತ್ತ ರೇಡಿಯೊಗಳಿಂದ ಎರಡು ವಾಲ್ಯೂಮ್ ಗುಂಡಿ ಕಿತ್ತು ಹಲಗೆಗೆ ಕೂರಿಸಿದ. ಒಂದು ಹಾಡು ನಡೆಯುವಾಗ ಮುಂದಿನ ಹಾಡನ್ನು ಅವಳೊಬ್ಬಳೇ ಕೇಳಿಕೊಳ್ಳಬೇಕಿತ್ತಲ್ಲ, ಅದಕ್ಕೆ ಗುಜರಿಯ ಕಪ್ಪು ಟೆಲಿಫೋನಿನ ರಿಸೀವರಿಗೆ ವೈರು ಎಳೆದು ಕೊಟ್ಟ. ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ತಿರುಗುವ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿ ವೇಗ ಇಳಿಸುತ್ತ ಗಣಪಿ ನಾಲ್ಕು ವರ್ಷ ಅಭ್ಯಾಸ ಮಾಡಿದಳು. ಅಕ್ಕಪಕ್ಕದವರು ಅವಳು ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಾಳೆ ಎಂದುಕೊಂಡಿದ್ದರು.

ಇನ್ನು ಬೇಕಾದದ್ದು ಕ್ಲಬ್ಬು. ಭಟ್ಕಳದಿಂದ ಕುಮಟೆಯವರೆಗೆ ಅವಳಿಗೆ ಗೊತ್ತಿದ್ದದ್ದು ಒಂದೇ ಕ್ಲಬ್ಬು, ಕುಮಟೆಯ ಪೆಂಬರ್ಟನ್ ಕ್ಲಬ್. ಯಾವನೋ ಬಿಳಿಯ ಕಲೆಕ್ಟರನ ಹೆಸರು. ಊರವರ ಬಾಯಲ್ಲಿ ಅದು ಪೆಂಬಟ್ಟನ ಕ್ಲಬ್ಬು. ವಕೀಲರು, ಅಡಿಕೆ ವ್ಯಾಪಾರಿಗಳು ಇಸ್ಪೀಟು ಆಡುವ ಜಾಗ. ಹೆಂಗಸರಿಗೆ ಪ್ರವೇಶವಿಲ್ಲ. ಕಾರ್ಯದರ್ಶಿ ಕೃಷ್ಣಾನಂದ ವಕೀಲರು. ನಾನು ಆಗ ಅವರ ಜೂನಿಯರ್, ಕೋರ್ಟಿಗಿಂತ ಕ್ಲಬ್ಬಿನ ಚಾಕರಿಯೇ ಹೆಚ್ಚು.

ಎಂಬತ್ತೆರಡರಲ್ಲಿ ಕ್ಲಬ್ಬಿಗೆ ಐವತ್ತು ವರ್ಷ. ಸುದ್ದಿ ತಿಳಿದ ಗಣಪಿ ವಕೀಲರ ಜಗಲಿಗೆ ಬಂದಳು. ತಾನು ಡೀಜೆ, ಉತ್ಸವಕ್ಕೆ ರಿಕಾರ್ಡು ಹಾಕುತ್ತೇನೆ ಅಂದಳು. ಕೃಷ್ಣಾನಂದರು ಅವಳನ್ನು ಯಾವುದೋ ಜಮೀನು ದಾವೆಯ ಕಕ್ಷಿದಾರಳೆಂದು ತಿಳಿದು ಪಹಣಿ ಕೇಳಿದರು. ವಿಷಯ ತಿಳಿದ ಮೇಲೆ ಆಗುವುದಿಲ್ಲ ಅಂದರು. ಗಣಪಿ ಹಿತ್ತಲ ಕಡೆಯಿಂದ ಹೋಗಿ ಅವರ ಹೆಂಡತಿ ನರ್ಮದಾಬಾಯಿಯ ಮುಂದೆ ಕೂತಳು. ಒಂದು ತಿಂಗಳು, ವಾರಕ್ಕೊಮ್ಮೆ ತಾಜಾ ಕಾಣೆ ಮೀನಿನ ಜೊತೆ. ನರ್ಮದಾಬಾಯಿಗೆ ಮೀನಿನಷ್ಟೇ ಇಷ್ಟವಾದದ್ದು ಮುಂಬೈಯ ಕತೆ. ಆ ಹೋಟೆಲಿನಲ್ಲಿ ಹೆಂಗಸರೂ ಇದ್ದರೇ ಎಂದು ಅವರು ಕೇಳಿದರಂತೆ.

“ಅರ್ಧ ಹೆಂಗಸ್ರೇ ಅಮ್ಮ,” ಅಂದಳು ಗಣಪಿ. “ಇಸ್ಪೀಟು ಒಬ್ರೂ ಆಡ್ತಿರಲಿಲ್ಲ.”

ಅವರು ವಕೀಲರಿಗೆ ಏನು ಹೇಳಿದರೋ, ಉತ್ಸವಕ್ಕೆ ಸದಸ್ಯರು ಸಕುಟುಂಬ ಬರಬಹುದೆಂದು ಠರಾವಾಯಿತು. ಆಮಂತ್ರಣ ನಾನೇ ಅಚ್ಚು ಹಾಕಿಸಿದೆ. ಭಾನುವಾರ ನಾಲ್ಕಕ್ಕೆ ಪ್ರಾರ್ಥನೆ, ನಾಲ್ಕೂಕಾಲಿಗೆ ರಿಕಾರ್ಡು ಸಂಗೀತ, ನಾಲ್ಕೂವರೆಗೆ ನಿವೃತ್ತ ಮುನ್ಸೀಫರಿಂದ ‘ಶಿಸ್ತಿನ ಐವತ್ತು ವರ್ಷಗಳು’ ಎಂಬ ಭಾಷಣ, ಆಮೇಲೆ ತಿಂಡಿ. ಗಣಪಿಗೆ ಸಿಕ್ಕಿದ್ದು ಕಾಲು ಗಂಟೆ.

ಅಂದು ಬಂದವಳು ಹಾಲಿನೊಳಗೆ ಬಿಸಿಲು ಬಿದ್ದಿದ್ದನ್ನು ನೋಡಿ, ಕತ್ತಲಿಲ್ಲದೆ ಕ್ಲಬ್ಬು ಹೇಗೆ ಅಂದಳು. ನರ್ಮದಾಬಾಯಿ ಎದ್ದರು. ಕೋರ್ಟಿನಿಂದ ಬಂದ ವಕೀಲರು ಕ್ಲಬ್ಬಿನ ಗೂಟಕ್ಕೆ ತೂಗಿಬಿಟ್ಟಿರುತ್ತಿದ್ದ ಕರಿ ಕೋಟು, ಗೌನುಗಳನ್ನೆಲ್ಲ ತೆಗೆಸಿ ಕಿಟಕಿಗಳಿಗೆ ಕಟ್ಟಿಸಿದರು. ನ್ಯಾಯಾಂಗ ಅಷ್ಟು ಉಪಯೋಗಕ್ಕೆ ಬಂದದ್ದನ್ನು ನಾನು ಅದೇ ಮೊದಲು ಕಂಡದ್ದು.

ರಿಕಾರ್ಡು ಶುರುವಾಯಿತು. ಹೆಂಗಸರು ಒಂದು ಗೋಡೆಗೆ, ಗಂಡಸರು ಇನ್ನೊಂದು ಗೋಡೆಗೆ, ಯಾರೂ ಮಿಸುಕಲಿಲ್ಲ. ಗಣಪಿಯ ಮುಖ ಬೆವತಿತ್ತು. ಆಗ ಕೃಷ್ಣಾನಂದರ ಅಕ್ಕ ಶ್ರೀಮತಿ ಟೀಚರು ಎದ್ದರು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ, ನಕ್ಕದ್ದನ್ನು ಕಂಡವರಿಲ್ಲ. ಗದ್ದಲ ಕಡಿಮೆ ಮಾಡು ಎಂದು ಹೇಳಲು ಹಾಲಿನ ಆ ತುದಿಯಿಂದ ದಪದಪ ನಡೆದು ಬರತೊಡಗಿದರು. ಗಣಪಿ ಅವರ ಮೋರೆ ನೋಡಲಿಲ್ಲ, ಕಾಲು ನೋಡಿದಳು. ಬೆರಳನ್ನು ತಟ್ಟೆಯ ಅಂಚಿಗೆ ತಂದು ಹಾಡನ್ನು ಒಂದಿಷ್ಟು ನಿಧಾನ ಮಾಡಿದಳು. ಟೀಚರ ಹೆಜ್ಜೆ ಬಿದ್ದಲ್ಲೇ ತಾಳವೂ ಬಿತ್ತು.

ಟೀಚರು ಹಾಲಿನ ನಡುವೆ ನಿಂತರು. ಏನೋ ಅನುಮಾನ ಬಂದಂತೆ ಒಂದು ಹೆಜ್ಜೆ ಇಟ್ಟು ನೋಡಿದರು. ಸರಿಹೋಯಿತು. ಇನ್ನೊಂದು ಇಟ್ಟರು. ತಿರುಗಿ ಕುರ್ಚಿಯವರೆಗೆ ನಡೆದರು, ಕೂರಲಿಲ್ಲ, ಮತ್ತೆ ಬಂದರು. ಮೂರನೆಯ ಸುತ್ತಿಗೆ ನರ್ಮದಾಬಾಯಿ ಅವರ ಪಕ್ಕದಲ್ಲಿದ್ದರು. ಐದನೆಯದಕ್ಕೆ ಹೆಂಗಸರ ಗೋಡೆ ಖಾಲಿ. ಅದನ್ನು ಡಾನ್ಸ್ ಎನ್ನುವುದು ಕಷ್ಟ, ಬಸ್ಸು ತಪ್ಪಿಸಿಕೊಂಡವರ ಗುಂಪಿನ ಹಾಗಿತ್ತು. ಆದರೆ ಎಲ್ಲರ ಕಾಲೂ ಒಟ್ಟಿಗೆ ಬೀಳುತ್ತಿತ್ತು. ಆಮೇಲೆ ಅಡಿಕೆ ವ್ಯಾಪಾರಿಗಳು ಇಳಿದರು, ಕೊನೆಗೆ ಧೋತರ ಎತ್ತಿ ಕಟ್ಟಿ ಕೃಷ್ಣಾನಂದರು.

ಮುನ್ಸೀಫರು ಕಾಗದ ಹಿಡಿದು ಮೈಕಿನ ಮುಂದೆ ನಿಂತಿದ್ದರು. ಹಾಡು ಮುಗಿದ ಕೂಡಲೇ ಮಾತಾಡುವುದು ಅವರ ಆಲೋಚನೆ. ಆದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಅದರೊಳಗಿನಿಂದಲೇ ಇನ್ನೊಂದು ಹೊರಡುತ್ತಿತ್ತು. ಆ ಹೆಂಗಸು ಅಷ್ಟು ಹೊತ್ತು ಯಾರಿಗೆ ಫೋನು ಮಾಡುತ್ತಿದ್ದಾಳೆ ಎಂದು ಅವರು ನನ್ನನ್ನು ಕೇಳಿದರು. ಟ್ರಂಕ್ ಕಾಲ್ ಇರಬೇಕು ಅಂದೆ. ಆರು ಗಂಟೆಗೆ ಬೀರ ಎಚ್ಚರಾಗಿ ಆಂಪ್ಲಿಫೈಯರ್ ಕಾದಿದೆ ಅಂದ ಮೇಲೆಯೇ ಅವಳು ನಿಲ್ಲಿಸಿದ್ದು. ಅಷ್ಟು ಹೊತ್ತಿಗೆ ಮುನ್ಸೀಫರು ಹೊರಟುಹೋಗಿದ್ದರು.

ಮರುದಿನ ಅವರ ದೂರು ಬಂತು. ‘ಸದರಿ ಹೆಂಗಸು ಹಾಕಿದ ಒಂದು ಹಾಡು ಒಂದೂಮುಕ್ಕಾಲು ಗಂಟೆಯಾದರೂ ಮುಗಿಯಲೇ ಇಲ್ಲ’ ಎಂದು ಬರೆದಿದ್ದರು. ಅದರ ನಕಲನ್ನು ನಾನೇ ಹೊನ್ನಾವರಕ್ಕೆ ಒಯ್ದು ಕೊಟ್ಟೆ. ಗಣಪಿ ಆ ಸಾಲನ್ನು ಬೀರನಿಂದ ಮೂರು ಸಲ ಓದಿಸಿದಳು. ಕಣ್ಣೊರೆಸಿಕೊಂಡು, “ಎಲ್ಲ ಸೇರಿ ಒಂದೇ ಹಾಡು ಅಂತ ಮುನ್ಸೀಫರಿಗಾದ್ರೂ ಗೊತ್ತಾತು,” ಅಂದಳು.

ಕಮಿಟಿ ಸೇರಿ, ಇನ್ನು ಮುಂದೆ ರಿಕಾರ್ಡು ಕೂಡದು ಎಂದು ಠರಾವು ಮಾಡಿತು. ಕೃಷ್ಣಾನಂದರೇ ಸಹಿ ಹಾಕಿದರು. ಮನೆಯಲ್ಲಿ ಹದಿನೈದು ದಿನ ಅಕ್ಕನೂ ಹೆಂಡತಿಯೂ ಮಾತಾಡಿಸದೆ ಇದ್ದಾಗ ಅವರೇ ಕೂತು ತಿದ್ದುಪಡಿ ಬರೆದರು. ಕ್ಲಬ್ಬಿಗೆ ಮಹಿಳಾ ವಿಭಾಗ, ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಅದಕ್ಕೆ ರಿಕಾರ್ಡು. ಎಂಬತ್ತೆಂಟರವರೆಗೆ ಒಂದೂ ಶನಿವಾರ ತಪ್ಪಲಿಲ್ಲ. ಮಳೆಗಾಲದಲ್ಲೂ ಪ್ಲೇಯರುಗಳನ್ನು ಗೋಣಿಯಲ್ಲಿ ಸುತ್ತಿ, ಗಣಪಿ ಬಸ್ಸಿನಲ್ಲಿ ಬರುತ್ತಿದ್ದಳು.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ, ಮುಂಬೈಯ ಆ ಹೋಟೆಲು ಕರೆದರೆ ಹೋಗುತ್ತೀಯಾ ಎಂದು. ಅವಳು ಗೋಣಿಯ ಗಂಟು ಬಿಗಿ ಮಾಡಿದಳು.

“ಅಲ್ಲಿ ಕುಣಿಯುಕೆ ಅಂತ್ಲೇ ಬಂದವ್ರು ಕುಣೀತ್ರು,” ಅಂದಳು. “ಅದ್ರಲ್ಲಿ ಎಂತ ಉಂಟು?”

ಅಷ್ಟರಲ್ಲಿ ಹೊನ್ನಾವರದ ಬಸ್ಸು ಬಂತು. ಸೀಟು ಹಿಡಿಯಲು, ಪಕ್ಕದಲ್ಲಿ ತೂಕಡಿಸುತ್ತಿದ್ದ ಬೀರನನ್ನೇ ಅವಳು ಕಿಟಕಿಯಿಂದ ಮೊದಲು ಒಳಗೆ ನೂಕಿದಳು.